ಬರ್ಲಿನ್‌ನ ಸ್ಟಾಸಿ ಜೈಲು, ಸ್ಟಾಸಿ ಆಫೀಸು: ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಗುಬ್ಬಿಮರಿ
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಅಪ್ಪ ಅಮ್ಮ ತಿಪಟೂರಿನಿಂದ ಬರ್ಲಿನ್‌ಗೆ ಬರುತ್ತಿದ್ದಾರೆ, ಮೂರು ವಾರಕ್ಕೆ. ಅಪ್ಪ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ರಿಟೈರ್ ಆದವರು. ಎಲ್ಲಿ ಹೋಗಬೇಕು ಅಂತ ಫೋನಿನಲ್ಲಿ ಕೇಳಿದೆ. "ಗೋಡೆ ತುಂಡು ಟೀವಿಯಲ್ಲೇ ನೋಡಿದ್ದೀನಿ. ಪೂರ್ವ ಜರ್ಮನಿಯವರು ಊರಿನ ಜನರ ಮೇಲೆಲ್ಲ ಫೈಲ್ ಇಟ್ಟಿದ್ರಂತಲ್ಲ, ಆ ಆಫೀಸು ತೋರಿಸು" ಅಂದರು. ಅವರು ಹೇಳಿದ್ದು ಸ್ಟಾಸಿ ಬಗ್ಗೆ, ಪೂರ್ವ ಜರ್ಮನಿಯ ಗುಪ್ತ ಪೊಲೀಸ್. ಅಮ್ಮನಿಗೆ ಮಂಡಿ ನೋವು. ಮೇಲಾಗಿ ಧಾರಾವಾಹಿಯಲ್ಲಿ ಯಾರಾದರೂ ಅತ್ತರೂ ಚಾನೆಲ್ ಬದಲಿಸುವವರು.

ನಾನು ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು, ಒಮ್ಮೆಯೂ ಹೋಗಿಲ್ಲ, ನಾಚಿಕೆ. ಎರಡು ಜಾಗ ಇದೆಯಂತೆ: ಒಂದು ಮ್ಯೂಸಿಯಂ, ಇನ್ನೊಂದು ಜೈಲು. ಒಂದೇ ದಿನದಲ್ಲಿ ಎರಡೂ ಆಗುತ್ತಾ? ಒಂದೇ ಅಂದ್ರೆ ಯಾವುದು?

ಹಳೇ ಪಾಂಕೋವ್
ಎರಡೂ ಒಂದೇ ದಿನ ಬೇಡ. ಹತ್ತಿರವೇ ಇವೆ, ಆದರೆ ತಲೆ ಭಾರ ಆಗುತ್ತೆ.

ಮ್ಯೂಸಿಯಂ ಇರುವುದು ಲಿಖ್ಟೆನ್‌ಬೆರ್ಗ್‌ನಲ್ಲಿ. ಯು5 ರೈಲಿನಲ್ಲಿ ಮಾಗ್ಡಲೆನೆನ್‌ಸ್ಟ್ರಾಸೆ ಸ್ಟೇಷನ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ಅದು ಸ್ಟಾಸಿಯ ಕೇಂದ್ರ ಕಚೇರಿ. ಹೌಸ್ 1 ಅನ್ನುವ ಕಟ್ಟಡದಲ್ಲಿ ಸ್ಟಾಸಿಯನ್ನು ನಡೆಸುತ್ತಿದ್ದ ಮಂತ್ರಿ ಎರಿಕ್ ಮೀಲ್ಕೆಯ ಕೋಣೆಗಳನ್ನು ಇದ್ದ ಹಾಗೇ ಉಳಿಸಿಕೊಂಡಿದ್ದಾರೆ. ಈತ 1957ರಿಂದ 1989ರವರೆಗೆ, ಮೂವತ್ತೆರಡು ವರ್ಷ, ಅದೇ ಕುರ್ಚಿಯಲ್ಲಿದ್ದ. ನಿಮ್ಮ ತಂದೆಗೆ ಇದು ಖಂಡಿತ ಹಿಡಿಸುತ್ತೆ. ಪಕ್ಕದ ಹೌಸ್ 7ರಲ್ಲಿ ಕಡತಗಳ ಪ್ರದರ್ಶನ ಬೇರೆ ಇದೆ. ಅದನ್ನು ಬಿಡಬೇಡಿ.

ಜೈಲು ಇರುವುದು ಹೋಹೆನ್‌ಶೋನ್‌ಹೌಸೆನ್‌ನಲ್ಲಿ. ಟ್ರಾಮ್‌ನಲ್ಲಿ ಹೋಗಬೇಕು, ಎಂ5 ಹತ್ತಿ. ಸೆಲ್‌ಗಳಿಗೆ ನಾವಾಗೇ ನುಗ್ಗುವ ಹಾಗಿಲ್ಲ, ಗೈಡ್ ಜೊತೆಗೇ ಹೋಗಬೇಕು. ಸುತ್ತಿಸುವವರಲ್ಲಿ ಅಲ್ಲೇ ಕೈದಿಗಳಾಗಿದ್ದವರೂ ಇದ್ದಾರೆ. ಅವರಿಗೆಲ್ಲ ವಯಸ್ಸಾಗುತ್ತಿದೆ. ಸಿಕ್ಕರೆ ಅಂಥವರ ಜೊತೆಗೇ ಹೋಗಿ. ಇಂಗ್ಲಿಷ್ ಟೂರ್ ಸಮಯ ಮೊದಲೇ ನೋಡಿಕೊಳ್ಳಿ. ನೆಲಮಾಳಿಗೆಗೆ ಮೆಟ್ಟಿಲಿದೆ, ತಾಯಿಯವರು ಮೇಲೇ ಇರಲಿ.

ಉಪ್ಸಾರು
ಯಾಕ್ರೀ ಬೇಕು ಇದೆಲ್ಲ? ಜೀವನದಲ್ಲಿ ಒಂದೇ ಸಲ ಯುರೋಪಿಗೆ ಬರ್ತಿದ್ದಾರೆ. ಪಾಟ್ಸ್‌ಡ್ಯಾಮ್ ಅರಮನೆ, ದೋಣಿ, ಒಂದಷ್ಟು ಹೂವಿನ ತೋಟ ತೋರಿಸಿ. ನಮ್ಮ ಮಾವನನ್ನು ಇಂಥದ್ದೇ ಒಂದು ಜಾಗಕ್ಕೆ ಕರೆದುಕೊಂಡು ಹೋಗಿ ಎರಡು ದಿನ ಊಟ ಬಿಟ್ಟರು. ಬೇರೆಯವರ ನೋವನ್ನು ಟಿಕೆಟ್ ತೆಗೆದುಕೊಂಡು ನೋಡುವುದು ನನಗಂತೂ ಸರಿ ಕಾಣಲ್ಲ.

ಗುಬ್ಬಿಮರಿ
@ಉಪ್ಸಾರು ಅರಮನೆಯೂ ಲಿಸ್ಟಲ್ಲಿದೆ ಸಾರ್. ಆದರೆ ಇದನ್ನು ಅಪ್ಪನೇ ಕೇಳಿದ್ದು, ನಾನು ಎಳೆದುಕೊಂಡು ಹೋಗುತ್ತಿಲ್ಲ.

ದಫ್ತರ
ಆ ಜೈಲು ಮೊದಲು ಹಿಟ್ಲರ್ ಕಾಲದ ಕಾನ್ಸಂಟ್ರೇಶನ್ ಕ್ಯಾಂಪ್ ಆಗಿತ್ತು ಅಲ್ವಾ? ಅಂಥ ಜಾಗಕ್ಕೆ ವಯಸ್ಸಾದವರು ಬೇಡ.

ಹಳೇ ಪಾಂಕೋವ್
ಇಲ್ಲ, ತಪ್ಪು ತಿಳಿದುಕೊಂಡಿದ್ದೀರಿ. ನಾತ್ಸಿ ಕಾಲದಲ್ಲಿ ಅಲ್ಲಿದ್ದದ್ದು ದೊಡ್ಡ ಅಡುಗೆಮನೆ, ಅವರ ಸಮಾಜ ಕಲ್ಯಾಣ ಸಂಸ್ಥೆಯದ್ದು. 1945ರ ಮೇನಲ್ಲಿ ಸೋವಿಯತ್ ಸೇನೆ ಅದನ್ನು ಹಿಡಿದುಕೊಂಡು ವಿಶೇಷ ಶಿಬಿರ ಸಂಖ್ಯೆ 3 ಅಂತ ಮಾಡಿತು. ಹಸಿವು, ಕಾಯಿಲೆಯಲ್ಲಿ ನೂರಾರು ಜನ ಸತ್ತರು. ಆಮೇಲೆ ಕೈದಿಗಳ ಕೈಯಲ್ಲೇ ನೆಲಮಾಳಿಗೆಯಲ್ಲಿ ಕಿಟಕಿ ಇಲ್ಲದ ಸೆಲ್‌ಗಳನ್ನು ಕಟ್ಟಿಸಿದರು. ಅವುಗಳಿಗೆ ಕೈದಿಗಳು ಇಟ್ಟ ಹೆಸರು ಸಬ್‌ಮೆರೀನ್. ಗಾಳಿ ಇಲ್ಲ, ತೇವ, ಹಗಲು ರಾತ್ರಿ ಉರಿಯುವ ಒಂದು ಬಲ್ಬು. 1951ರಲ್ಲಿ ಸ್ಟಾಸಿ ವಹಿಸಿಕೊಂಡಿತು. ಐವತ್ತರ ದಶಕದ ಕೊನೆಗೆ ಹೊಸ ಕಟ್ಟಡ ಎದ್ದಿತು, ಅದನ್ನೂ ಕಟ್ಟಿದ್ದು ಕೈದಿಗಳೇ.

ನೀವು ಹೇಳುತ್ತಿರುವುದು ಬಹುಶಃ ಸಾಕ್ಸೆನ್‌ಹೌಸೆನ್. ಹೆಸರಿನ ಕೊನೆ ಒಂದೇ ಥರ, ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಬರ್ಲಿನ್ ಹೊರಗೆ ಒರಾನಿಯೆನ್‌ಬುರ್ಗ್‌ನಲ್ಲಿದೆ, 1936ರಲ್ಲಿ ಶುರುವಾದ ಕ್ಯಾಂಪ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಹಾಗಂತ ಸ್ಟಾಸಿಯನ್ನು "ಇಷ್ಟೇನಾ" ಅನ್ನುವುದೂ ಬೇಡ.

ದಫ್ತರ
ಸರಿ, ತಿದ್ದಿಕೊಂಡೆ. ಥ್ಯಾಂಕ್ಸ್.

ಲೈಪ್ಸಿಗ್ ಲಿಂಬು
ನಾನು ಲೈಪ್ಸಿಗ್‌ನಲ್ಲಿರುವುದು. ಇಲ್ಲೂ ಸ್ಟಾಸಿಯ ಜಿಲ್ಲಾ ಕಚೇರಿಯೇ ಮ್ಯೂಸಿಯಂ ಆಗಿದೆ. ಮೂಲೆಯಲ್ಲಿ ದುಂಡಗಿರುವ ಕಟ್ಟಡ, ಹಾಗಾಗಿ ಜನ ಅದನ್ನು ದುಂಡು ಮೂಲೆ ಅಂತಲೇ ಕರೆಯುತ್ತಾರೆ. 1989ರ ಅಕ್ಟೋಬರ್ 9ರಂದು ಎಪ್ಪತ್ತು ಸಾವಿರ ಜನ ಸರ್ಕಾರದ ವಿರುದ್ಧ ಇದರ ಮುಂದಿನ ರಸ್ತೆಯಲ್ಲೇ ಮೆರವಣಿಗೆ ಹೋದರು. ಗುಂಡು ಹಾರಲಿಲ್ಲ. ಡಿಸೆಂಬರ್ 4ಕ್ಕೆ ಜನ ಒಳಗೇ ನುಗ್ಗಿ ಕೂತರು.

ನಾನು ಹೇಳಬೇಕು ಅಂದುಕೊಂಡಿದ್ದು ಬೇರೆ. ನಮ್ಮ ಆಫೀಸಿನಲ್ಲಿ ಹಿರಿಯರೊಬ್ಬರಿದ್ದರು. ತಮ್ಮ ಫೈಲ್ ನೋಡಲು ಅರ್ಜಿ ಹಾಕಿದ್ದರು. 1992ರಿಂದ ಯಾರು ಬೇಕಾದರೂ ತಮ್ಮ ಫೈಲ್ ಕೇಳಬಹುದು, ದುಡ್ಡೇನೂ ಇಲ್ಲ. ಕಾಯಬೇಕಷ್ಟೇ. ಇವರ ಫೈಲ್ ಬಂತು, ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ. ಅದರಲ್ಲಿ ಮಾಹಿತಿ ಕೊಟ್ಟವರಿಗೆಲ್ಲ ಅಡ್ಡಹೆಸರು. ಒಬ್ಬ ಮಾಹಿತಿದಾರ ಇವರ ಮನೆಯ ಪುಸ್ತಕದ ಕಪಾಟಿನಲ್ಲಿ ಎಡದಿಂದ ಬಲಕ್ಕೆ ಯಾವ್ಯಾವ ಪುಸ್ತಕ ಇದೆ ಅಂತ ಬರೆದುಕೊಟ್ಟಿದ್ದನಂತೆ. ಅಂದರೆ ಮನೆಯೊಳಗೆ ಬಂದು, ಕೂತು, ಕಾಫಿ ಕುಡಿದು ಹೋದವನು.

ಇನ್ನೊಂದು ಅರ್ಜಿ ಹಾಕಿದರೆ ಆ ಅಡ್ಡಹೆಸರಿನ ಹಿಂದಿರುವ ನಿಜ ಹೆಸರನ್ನೂ ಕೊಡುತ್ತಾರೆ, ಗುರುತು ಸಿಕ್ಕಿದ್ದರೆ. ಇವರು ಹಾಕಲಿಲ್ಲ. ಯಾಕೆ ಅಂತ ಕೇಳಿದೆ. "ನಮ್ಮ ಮನೆಗೆ ಕಾಫಿಗೆ ಬರುತ್ತಿದ್ದವರು ಮೂರೇ ಜನ. ಮೂವರೂ ನನ್ನ ಮದುವೆಯಲ್ಲಿದ್ದರು" ಅಂದರು.

ಉಪ್ಸಾರು
ಅಯ್ಯೋ.

ಮಲೆನಾಡ ಮಳೆ
ನಾನಾಗಿದ್ದರೆ ಆ ಅರ್ಜಿ ಅವತ್ತೇ ಹಾಕುತ್ತಿದ್ದೆ. ಮೂವರಲ್ಲಿ ಇಬ್ಬರು ಏನೂ ಮಾಡಿಲ್ಲ ತಾನೇ? ತಿಳಿದುಕೊಳ್ಳದಿದ್ದರೆ ಮೂವರ ಮೇಲೂ ಅನುಮಾನ ಉಳಿಯುತ್ತೆ. ಆ ಇಬ್ಬರಿಗೆ ಇದು ಅನ್ಯಾಯ ಅಲ್ವಾ?

ಲೈಪ್ಸಿಗ್ ಲಿಂಬು
ಇದನ್ನೇ ನಾನೂ ಹೇಳಿದೆ. ಅವರು ನಕ್ಕರು, ಉತ್ತರ ಕೊಡಲಿಲ್ಲ. ಈಗ ಅವರು ತೀರಿಕೊಂಡಿದ್ದಾರೆ. ಅವರ ಮೌನ ನನಗೆ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ.

ಎಣ್ಣೆಗಾಯಿ
ಲೆಕ್ಕ ಕೇಳಿ. 1989ರಲ್ಲಿ ಸ್ಟಾಸಿಗೆ ಸಂಬಳದ ನೌಕರರೇ ಸುಮಾರು 91,000. ದೇಶದ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷದ ಆಸುಪಾಸು. ಅಂದರೆ 180 ಜನಕ್ಕೆ ಒಬ್ಬ. ಇವರಲ್ಲದೆ ಗುಟ್ಟಾಗಿ ಮಾಹಿತಿ ಕೊಡುತ್ತಿದ್ದವರು ಒಂದೂ ಮುಕ್ಕಾಲು ಲಕ್ಷದ ಹತ್ತಿರ. ಹೊಡೆದು ಬಡಿದು ಮಾಡುವುದು ಐವತ್ತರ ದಶಕದಲ್ಲಿ ಜಾಸ್ತಿ ಇತ್ತು. ಆಮೇಲೆ ಹೊರದೇಶಗಳ ಮುಂದೆ ಮಾನ ಉಳಿಸಿಕೊಳ್ಳಬೇಕಿತ್ತು. ಆಗ ಬೇರೆ ದಾರಿ ಹಿಡಿದರು. ಅದಕ್ಕೆ ಅವರ ಭಾಷೆಯಲ್ಲಿ ತ್ಸೆರ್‌ಸೆಟ್ಸುಂಗ್ ಅನ್ನುತ್ತಾರೆ. ಒಳಗಿಂದ ಕೊಳೆಯುವ ಹಾಗೆ ಮಾಡುವುದು ಅಂದುಕೊಳ್ಳಿ. 1976ರಲ್ಲಿ ಇದಕ್ಕೊಂದು ಲಿಖಿತ ಆದೇಶವೇ ಬಂತು. ನೀವು ಮನೆಯಲ್ಲಿ ಇಲ್ಲದಾಗ ಬಂದು ಗೋಡೆಯ ಫೋಟೊ ಅದಲು ಬದಲು ಮಾಡಿ ಹೋಗುವುದು. ಗಂಡನ ಬಗ್ಗೆ ಹೆಂಡತಿಯ ಆಫೀಸಿನಲ್ಲಿ ಗಾಳಿಮಾತು ಹಬ್ಬಿಸುವುದು. ಕೆಲಸದಲ್ಲಿ ಬಡ್ತಿ ಯಾಕೋ ನಿಂತುಹೋಗುವುದು. ಯಾರಿಗೆ ಹೇಳ್ತೀರಿ? ಹೇಳಿದರೆ ಹುಚ್ಚು ಅಂತಾರೆ.

ಹೊಡೆಯುವವನಾದರೂ ಎದುರಿಗೆ ನಿಂತಿರುತ್ತಾನೆ. ನನಗೆ ಇದೇ ಹೆಚ್ಚು ಭಯ ಹುಟ್ಟಿಸಿದ್ದು.

ಶೇಷಾದ್ರಿ ರೋಡ್
ಬರ್ಲಿನ್ ತನಕ ಯಾಕೆ? ಬೆಂಗಳೂರಿನ ಫ್ರೀಡಂ ಪಾರ್ಕ್ ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಎಲ್ಲರೂ ಅಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅವರನ್ನು ವಿಚಾರಣೆಯೇ ಇಲ್ಲದೆ ಎಂಟು ತಿಂಗಳು ಅಲ್ಲಿಟ್ಟಿದ್ದರು. ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಬಿಟ್ಟರು, ಕೆಲವೇ ದಿನಕ್ಕೆ ತೀರಿಕೊಂಡರು. ಆ ಪಾರ್ಕಿಗೆ ವಾಕಿಂಗ್ ಹೋಗುವ ಎಷ್ಟು ಜನಕ್ಕೆ ಇದು ಗೊತ್ತು?

ಉಪ್ಸಾರು
ರಾಜಕೀಯ ಶುರುವಾಯ್ತು. ಇಪ್ಪತ್ತೊಂದು ತಿಂಗಳಿಗೂ ನಲವತ್ತು ವರ್ಷಕ್ಕೂ ಹೋಲಿಕೆನಾ? ನಮ್ಮಲ್ಲಿ ಚುನಾವಣೆ ಆಯ್ತು, ಸರ್ಕಾರ ಸೋತಿತು, ಮನೆಗೆ ಹೋಯ್ತು.

ಶೇಷಾದ್ರಿ ರೋಡ್
ಹೋಲಿಸುತ್ತಿಲ್ಲ ಸಾರ್. ಜೈಲನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಅನ್ನುವ ಬಗ್ಗೆ ಅಷ್ಟೇ. ಅಲ್ಲಿ ಒಳಗಿದ್ದವರೇ ಬಾಗಿಲು ತೆರೆದು ತೋರಿಸುತ್ತಾರಂತೆ. ನಮ್ಮಲ್ಲಿ ನಾನು ಹೋದಾಗ ಕಾವಲು ಗೋಪುರದ ಕೆಳಗೆ ಎರಡು ಜೋಡಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಆದರೆ ಒಂದು ಮಾತು, ಬೆಂಗಳೂರಿನ ಧರಣಿಗಳಿಗೆ ಈಗ ಅದೇ ಜಾಗ. ಅದು ನನಗೆ ಇಷ್ಟ.

ಮಲೆನಾಡ ಮಳೆ
ಇಬ್ಬರೂ ಇಲ್ಲಿಗೇ ನಿಲ್ಲಿಸಿ ಪ್ಲೀಸ್. ಪಾಪ ಆ ಹುಡುಗಿ ಟ್ರಾಮ್ ನಂಬರ್ ಕೇಳಿದ್ದು.

ಗುಬ್ಬಿಮರಿ (ಏಳು ವಾರದ ನಂತರ)
ಹೋಗಿ ಬಂದೆವು. ಅಪ್ಪ ಅಮ್ಮ ಮೊನ್ನೆ ಊರು ಸೇರಿದರು. ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮ್ಯೂಸಿಯಂ. ಮೀಲ್ಕೆಯ ಕೋಣೆ ನೋಡಿ ಅಮ್ಮನಿಗೆ ನಿರಾಸೆಯೇ ಆಯ್ತು. "ಇದೇನೇ, ನಮ್ಮ ಡಿಸಿ ಆಫೀಸ್ ಥರ ಇದೆ" ಅಂದರು. ನಿಜ. ಮರದ ಹಲಗೆ ಹೊದಿಸಿದ ಗೋಡೆ, ಮೇಜಿನ ಮೇಲೆ ಫೋನುಗಳು, ಪರದೆ, ಸಾಲು ಕುರ್ಚಿ. ಆತನ ಬೆಳಗಿನ ತಿಂಡಿಯನ್ನು ಹೇಗೆ ಜೋಡಿಸಬೇಕು ಅಂತ ಸೆಕ್ರೆಟರಿಗೆ ಒಂದು ಚೀಟಿ ಇತ್ತಂತೆ. ತಟ್ಟೆ ಎಲ್ಲಿ, ಚಾಕು ಎಲ್ಲಿ ಅಂತ ಚಿತ್ರ ಸಮೇತ. ಮೊಟ್ಟೆ ನಾಲ್ಕೂವರೆ ನಿಮಿಷ ಬೇಯಬೇಕು. ಅಮ್ಮ ಅಪ್ಪನ ಕಡೆ ತಿರುಗಿ, "ನೀವೇ ವಾಸಿ, ಬರೀ ಕಾಫಿಗೆ ಗಲಾಟೆ ಮಾಡೋದು" ಅಂದರು. ಪಕ್ಕದಲ್ಲಿದ್ದ ಜರ್ಮನ್ ದಂಪತಿ ನಾವು ಯಾಕೆ ನಗುತ್ತಿದ್ದೇವೆ ಅಂತ ನೋಡಿದರು.

ಗಿಡಕ್ಕೆ ನೀರು ಹಾಕುವ ಕ್ಯಾನಿನಲ್ಲಿ ಕ್ಯಾಮೆರಾ, ಟೈನಲ್ಲಿ ಕ್ಯಾಮೆರಾ, ಇವೆಲ್ಲ ಮಕ್ಕಳಿಗೆ ಇಷ್ಟ ಆಗುತ್ತೆ. ಅಪ್ಪ ಅವುಗಳ ಮುಂದೆ ನಿಲ್ಲಲೂ ಇಲ್ಲ. ಅವರು ನಿಂತದ್ದು ಗಾಜಿನ ಜಾಡಿ ಮುಂದೆ. ಒಳಗೆ ಒಂದು ತುಂಡು ಹಳದಿ ಬಟ್ಟೆ. ಅನುಮಾನದ ಮನುಷ್ಯನನ್ನು ಕರೆಸಿ, ಕೂರಿಸಿ, ಕೂತ ಜಾಗದ ಬೆವರಿನ ವಾಸನೆಯನ್ನು ಬಟ್ಟೆಗೆ ಹಿಡಿಸಿ, ಜಾಡಿಯಲ್ಲಿ ಮುಚ್ಚಿಡುತ್ತಿದ್ದರು, ಮುಂದೆ ನಾಯಿಗೆ ಬೇಕಾಗಬಹುದು ಅಂತ. ಅಪ್ಪ ಮೆಲ್ಲಗೆ ಕೇಳಿದರು: "ಇದಕ್ಕೂ ರಿಜಿಸ್ಟರ್ ಇರ್ತಿತ್ತಾ?"

ಹೌಸ್ 7ರಲ್ಲಿ ಅಪ್ಪನನ್ನು ಹೊರಗೆ ಕರೆದುಕೊಂಡು ಬರುವುದೇ ಕಷ್ಟ ಆಯ್ತು. ಸ್ಟಾಸಿ ಬಿಟ್ಟು ಹೋದ ಕಾಗದವನ್ನು ಸಾಲಾಗಿ ನಿಲ್ಲಿಸಿದರೆ 111 ಕಿಲೋಮೀಟರ್. ತಿಪಟೂರಿನಿಂದ ಬೆಂಗಳೂರಿನ ಹೊರಗಿನ ತನಕ ಬರೀ ಫೈಲು! ಅಪ್ಪನಿಗೆ ಅದಕ್ಕಿಂತ ಆಶ್ಚರ್ಯ ತಂದದ್ದು ಕಾರ್ಡುಗಳ ಪದ್ಧತಿ. ಎಫ್ 16 ಅನ್ನುವ ಕಾರ್ಡಿನಲ್ಲಿ ಮನುಷ್ಯನ ನಿಜ ಹೆಸರು, ಹುಟ್ಟಿದ ದಿನ, ಒಂದು ನಂಬರ್. ಎಫ್ 22 ಅನ್ನುವ ಬೇರೆ ಕಾರ್ಡಿನಲ್ಲಿ ಅದೇ ನಂಬರ್, ಅಡ್ಡಹೆಸರು, ಯಾವ ಪ್ರಕರಣ ಅಂತ. ಎರಡೂ ಬೇರೆ ಬೇರೆ ಕಡೆ. ಒಂದನ್ನೇ ನೋಡಿದವನಿಗೆ ಏನೂ ತಿಳಿಯಲ್ಲ. ಹೆಸರುಗಳನ್ನು ಉಚ್ಚಾರದ ಪ್ರಕಾರ ಜೋಡಿಸಿದ್ದಾರೆ, ಒಂದೇ ಹೆಸರನ್ನು ನಾಲ್ಕು ಥರ ಬರೆದರೂ ಒಂದೇ ಕಡೆ ಸಿಗಲಿ ಅಂತ.

ಅಪ್ಪ ಅದನ್ನು ಓದಿಸಿಕೊಂಡು ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ ಹೇಳಿದರು: "ನಾವು ಇಂಥದ್ದೊಂದು ಇಂಡೆಕ್ಸ್ ಮಾಡಬೇಕು ಅಂತ ಎಷ್ಟು ಸಲ ಮೇಲಕ್ಕೆ ಬರೆದೆವು. ಪಹಣಿ ಹುಡುಕೋಕೆ ರೈತರು ಇಡೀ ದಿನ ಕಾಯ್ತಿದ್ದರು. ಒಳ್ಳೇ ಕೆಲಸ ಮಾಡಿದ್ದಾರೆ ಇವರು." ನನಗೆ ಒಂದು ಥರ ಆಯ್ತು. ಸ್ಟಾಸಿಯನ್ನು ಹೊಗಳುತ್ತಿದ್ದಾರಾ ಅಂತ. ಅವರೇ ಮುಂದುವರಿಸಿದರು: "ಈ ಕಾರ್ಡು ಬರೆದೋನು ನನ್ನಂಥೋನೇ ಅಲ್ಲವೇನೇ? ಅಕ್ಷರ ನೋಡು, ಎಷ್ಟು ದುಂಡಗಿದೆ. ಐದು ಗಂಟೆಗೆ ಪೆನ್ನು ಮುಚ್ಚಿ ಮನೆಗೆ ಹೋಗಿರ್ತಾನೆ." ಅಲ್ಲಿಂದ ಹೊರಗೆ ಬರುವ ತನಕ ಮಾತಾಡಲಿಲ್ಲ.

ನಾಲ್ಕು ದಿನ ಬಿಟ್ಟು ಜೈಲಿಗೆ ಹೋದೆವು. @ಹಳೇ ಪಾಂಕೋವ್ ಅವರೇ, ನೀವು ಹೇಳಿದ ಹಾಗೆ ಹಿಂದೆ ಕೈದಿಯಾಗಿದ್ದವರೇ ಸಿಕ್ಕರು. ಎಪ್ಪತ್ತು ದಾಟಿದವರು. ದೇಶ ಬಿಟ್ಟು ಓಡಿಹೋಗಲು ನೋಡಿ ಸಿಕ್ಕಿಬಿದ್ದವರು. ಜೈಲಿನ ಗಾಡಿ ತೋರಿಸಿದರು, ಹೊರಗಿಂದ ನೋಡಿದರೆ ಸಾಧಾರಣ ವ್ಯಾನ್. ಒಳಗೆ ಐದು ಗೂಡು, ಕಿಟಕಿ ಇಲ್ಲ. ಹತ್ತಿರದ ಜಾಗಕ್ಕೂ ಗಂಟೆಗಟ್ಟಲೆ ಸುತ್ತಿಸುತ್ತಿದ್ದರು, ಎಲ್ಲಿಗೆ ಬಂದೆ ಅಂತ ಗೊತ್ತಾಗಬಾರದು. ಊರಿನ ನಕ್ಷೆಯಲ್ಲೂ ಈ ಜೈಲು ಇರಲಿಲ್ಲ.

ಮೇಲಿನ ಹೊಸ ಕಟ್ಟಡದಲ್ಲಿ ಕಾಣುವುದಕ್ಕೆ ಭಯಂಕರವಾದದ್ದು ಏನೂ ಇಲ್ಲ. ಕಿಟಕಿಗೆ ಗಾಜಿನ ಇಟ್ಟಿಗೆ. ಬೆಳಕು ಬರುತ್ತೆ, ಆಚೆ ಏನೂ ಕಾಣಲ್ಲ. ಕಾರಿಡಾರಿನಲ್ಲಿ ಕೆಂಪು ಹಸಿರು ದೀಪ, ನಮ್ಮ ಸಿಗ್ನಲ್ ಥರ. ಕೆಂಪು ಬಂದರೆ ಒಬ್ಬ ಕೈದಿ ಬರುತ್ತಿದ್ದಾನೆ ಅಂತ, ಇನ್ನೊಬ್ಬನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಬೇಕು. ಹೆಸರಿಲ್ಲ, ನಂಬರೇ ಹೆಸರು. ರಾತ್ರಿ ಬೆನ್ನ ಮೇಲೆ ಮಲಗಬೇಕು, ಕೈ ಎರಡೂ ಹೊದಿಕೆಯ ಮೇಲೆ ಕಾಣುತ್ತಿರಬೇಕು. ಪದೇ ಪದೇ ಲೈಟ್ ಹಾಕಿ ನೋಡುತ್ತಾರೆ. ವಿಚಾರಣೆ ಮಾಡುವ ಕೋಣೆಗಳು ಸಾಲಾಗಿ ನೂರಕ್ಕೂ ಜಾಸ್ತಿ. ವಾಲ್‌ಪೇಪರ್, ಪರದೆ, ಮೇಜು. ಬ್ಯಾಂಕಿನಲ್ಲಿ ಸಾಲ ಕೇಳಲು ಕೂತ ಹಾಗೆ. ತಿಂಗಳುಗಟ್ಟಲೆ ಯಾರ ಜೊತೆಯೂ ಮಾತಿಲ್ಲದ ಮನುಷ್ಯ ಕೊನೆಗೆ ಆ ಅಧಿಕಾರಿ ಯಾವಾಗ ಕರೆಯುತ್ತಾನೆ ಅಂತ ಕಾಯುತ್ತಿದ್ದನಂತೆ. "ಮಾತಾಡೋಕೆ ಇದ್ದದ್ದು ಅವನೊಬ್ಬನೇ" ಅಂದರು ಗೈಡ್.

ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಅಂದರು. ಗುಂಪಿನಲ್ಲಿದ್ದ ಹುಡುಗರು ಸ್ಟಾಸಿ ಅಧಿಕಾರಿಗಳಿಗೆ ಶಿಕ್ಷೆ ಆಯ್ತಾ ಅಂತ ಕೇಳಿದರು. ಬಹುಪಾಲು ಜನಕ್ಕೆ ಇಲ್ಲ. ಮೀಲ್ಕೆಗೆ ಆದ ಶಿಕ್ಷೆ ಕೂಡ ಸ್ಟಾಸಿಯ ಕೆಲಸಕ್ಕಲ್ಲ, 1931ರಲ್ಲಿ ಇಬ್ಬರು ಪೊಲೀಸರನ್ನು ಕೊಂದದ್ದಕ್ಕೆ! ಆಗ ಅಮ್ಮ ನನ್ನ ಕೈ ಎಳೆದರು. "ಅವರನ್ನು ಹಿಡಿದಾಗ ಅವರ ಅಮ್ಮನಿಗೆ ಯಾರು ಹೇಳಿದರು, ಕೇಳು."

ನಾನು ಇಂಗ್ಲಿಷಿನಲ್ಲಿ ಕೇಳಿದೆ. ಅವರು ನನ್ನನ್ನು ಬಿಟ್ಟು ಅಮ್ಮನನ್ನೇ ನೋಡಿದರು. ಯಾರೂ ಹೇಳಲಿಲ್ಲವಂತೆ. ಐದು ವಾರ. ಮಗ ಗಡಿಯಲ್ಲಿ ಗುಂಡು ತಿಂದಿದ್ದಾನೆ ಅಂತಲೇ ಅಂದುಕೊಂಡಿದ್ದರಂತೆ ಅವರ ತಾಯಿ. ಅಮ್ಮ ಏನೂ ಅನ್ನಲಿಲ್ಲ. ಹೊರಡುವಾಗ ಕೈಚೀಲದಿಂದ ಕೊಬ್ಬರಿ ಮಿಠಾಯಿಯ ಪೊಟ್ಟಣ ತೆಗೆದು ಅವರ ಕೈಗೆ ಕೊಟ್ಟರು. ಟ್ರಾಮಿನಲ್ಲಿ ತಿನ್ನೋಣ ಅಂತ ತಂದಿದ್ದು.

ಹಳೇ ಪಾಂಕೋವ್
ಇಪ್ಪತ್ತು ಸಲ ಹೋಗಿದ್ದೇನೆ. ಆ ಪ್ರಶ್ನೆ ಒಮ್ಮೆಯೂ ನನಗೆ ಹೊಳೆದಿಲ್ಲ.

ಉಪ್ಸಾರು
ತಾಯಿಯವರು ಊಟ ಬಿಟ್ಟರಾ?

ಗುಬ್ಬಿಮರಿ
@ಉಪ್ಸಾರು ಇಲ್ಲ ಸಾರ್. ಮನೆಗೆ ಬಂದು ಹುರುಳಿ ಸಾರು ಮಾಡಿದರು, ಸ್ವಲ್ಪ ಖಾರ ಜಾಸ್ತಿ. ಊಟ ಬಿಟ್ಟದ್ದು ಅಪ್ಪ, ಅದೂ ಮ್ಯೂಸಿಯಂ ದಿನ. ಜೈಲಿನ ದಿನ ಸರಿಯಾಗಿಯೇ ಇದ್ದರು.

ಎಣ್ಣೆಗಾಯಿ
ತಂದೆಯವರಿಗೆ ಹರಿದ ಫೈಲುಗಳ ಕಥೆ ಹೇಳಿದಿರಾ? ಗೋಡೆ ಬೀಳುವ ಹೊತ್ತಿಗೆ ಸ್ಟಾಸಿಯವರು ಗಡಿಬಿಡಿಯಲ್ಲಿ ಕಾಗದ ನಾಶ ಮಾಡಲು ಹೊರಟರು. ಯಂತ್ರಗಳು ಸಾಲಲಿಲ್ಲ, ಕೈಯಲ್ಲೇ ಹರಿದರು. 1990ರ ಜನವರಿ 15ಕ್ಕೆ ಜನ ಕೇಂದ್ರ ಕಚೇರಿಗೇ ನುಗ್ಗಿದರು. ಸುಮಾರು 16,000 ಚೀಲ ಚೂರು ಉಳಿದುಕೊಂಡಿತು. 1995ರಲ್ಲಿ ಅವುಗಳನ್ನು ಕೈಯಲ್ಲಿ ಒಂದೊಂದಾಗಿ ಅಂಟಿಸಲು ಶುರು ಮಾಡಿದರು. ಕಂಪ್ಯೂಟರ್ ಹಚ್ಚಿಯೂ ನೋಡಿದರು, ಅಂದುಕೊಂಡಷ್ಟು ಆಗಲಿಲ್ಲ.

ಗುಬ್ಬಿಮರಿ
ಹೇಳಿದೆ. "ಆ ಅಂಟಿಸೋ ಕೆಲಸಕ್ಕೆ ವಯಸ್ಸಿನ ಮಿತಿ ಇದೆಯಾ ಕೇಳು" ಅಂದರು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಮಲೆನಾಡ ಮಳೆ
ಸಂದರ್ಶಕರ ಪುಸ್ತಕದಲ್ಲಿ ಏನಾದರೂ ಬರೆದರಾ?

ಗುಬ್ಬಿಮರಿ
ಅಪ್ಪ ಬರೆದರು. ಕನ್ನಡದಲ್ಲೇ, ಅರ್ಧ ಪುಟ. ನನ್ನನ್ನು ಹತ್ತಿರ ಬಿಡಲಿಲ್ಲ. ಪುಸ್ತಕ ಮುಚ್ಚುವಾಗ ಕೊನೆಯ ಸಾಲು ಮಾತ್ರ ಕಂಡಿತು. ಎಡಗಡೆ "ಸ್ಥಳ: ಬರ್ಲಿನ್", ಅದರ ಕೆಳಗೆ ದಿನಾಂಕ, ಬಲಗಡೆ ಪೂರ್ತಿ ಸಹಿ.